ಕೊರತೆಯನ್ನು ತಿದ್ದಿಕೊಳ್ಳಲೇ, ಇರುವ ಬಲವನ್ನೇ ಬೆಳೆಸಲೇ? ಒಬ್ಬ ಸಣ್ಣ ವರ್ಕ್‌ಶಾಪ್ ಮಾಲೀಕನ ಪ್ರಶ್ನೆ

ಪೀಣ್ಯದ ಲೇತ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೀಗ 41 ವರ್ಷ. ಡಿಪ್ಲೊಮಾ ಮುಗಿಸಿ, ಒಂದು ದೊಡ್ಡ ಕಾರ್ಖಾನೆಯ ಟೂಲ್ ರೂಮಿನಲ್ಲಿ 13 ವರ್ಷ ದುಡಿದು, 2018ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಬಾಡಿಗೆ ಶೆಡ್ ಹಿಡಿದು ಸ್ವಂತ ವರ್ಕ್‌ಶಾಪ್ ತೆರೆದೆ. ಲೋಹ ತಿರುವುವ ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಹಳೆಯದೊಂದು ಸರ್ಫೇಸ್ ಗ್ರೈಂಡರ್, ನಾನು ಮತ್ತು ಇಬ್ಬರು ಹುಡುಗರು. ನನ್ನ ಸಂಸ್ಥೆ ಎಂದರೆ ಇಷ್ಟೇ. ಹಳೆಯ ಯಂತ್ರಗಳಿಗೆ ಬೇಕಾಗುವ, ಆದರೆ ತಯಾರಕರು ಈಗ ಕೊಡದೇ ಇರುವ ಬಿಡಿಭಾಗಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ಬುಶ್ (ತಿರುಗುವ ದಂಡದ ಸುತ್ತ ಕೂರಿಸುವ ಲೋಹದ ಕೊಳವೆ), ಶಾಫ್ಟ್ (ಆ ದಂಡ), ಗೇರ್, ಕ್ಯಾಮ್ (ತಿರುಗುತ್ತಾ ಇನ್ನೊಂದು ಭಾಗವನ್ನು ಎತ್ತಿ ಇಳಿಸುವ ಉಬ್ಬುಚಕ್ರ) ಇತ್ಯಾದಿ. ಬಹುಪಾಲು ಗಿರಾಕಿಗಳ ಬಳಿ ಡ್ರಾಯಿಂಗ್ ಇರುವುದಿಲ್ಲ. ಸವೆದ ತುಂಡನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಡುತ್ತಾರೆ. ಅದನ್ನು ಅಳೆದು, ಅದು ಹೊಸದಾಗಿದ್ದಾಗ ಎಷ್ಟಿದ್ದಿರಬೇಕೆಂದು ಲೆಕ್ಕ ಹಾಕಿ ಮಾಡಿಕೊಡುತ್ತೇನೆ.

ಈ ಕೆಲಸದಲ್ಲಿ ನನ್ನ ಕೈ ಚೆನ್ನಾಗಿದೆ ಎಂಬುದನ್ನು ಜಂಬವಿಲ್ಲದೆ ಹೇಳಬಲ್ಲೆ. ಆದರೆ ಕೊಟೇಶನ್ ಬರೆಯಲು ಕುಳಿತರೆ ನನ್ನ ಕೈ ನಡುಗುತ್ತದೆ. ಗಿರಾಕಿ "ಸ್ವಲ್ಪ ನೋಡಿ ಮಾಡಿ" ಎಂದ ಕೂಡಲೇ ನಾನಾಗಿಯೇ ದರ ಇಳಿಸಿಬಿಡುತ್ತೇನೆ. ಕೊಟ್ಟ ಕೆಲಸದ ಹಣ ಕೇಳಲು ಸಂಕೋಚ. ದೊಡ್ಡ ಕಂಪನಿಯ ಖರೀದಿ ವಿಭಾಗದವರ ಎದುರು ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿ ಬಂದರೆ ಗೊತ್ತಿರುವ ಪದಗಳೂ ಮರೆತುಹೋಗುತ್ತವೆ.

ನನ್ನ ಭಾವಮೈದ ವಾಹನದ ಬಿಡಿಭಾಗಗಳ ವ್ಯವಹಾರದಲ್ಲಿದ್ದಾನೆ. ಅವನ ಪ್ರಕಾರ ನಾನು ಮೂರು ತಿಂಗಳ ಸಂವಹನ ಕೌಶಲದ ತರಗತಿಗೆ ಸೇರಬೇಕು, ಸಾಲ ಮಾಡಿ ಸಿಎನ್‌ಸಿ ಯಂತ್ರ (ಕಂಪ್ಯೂಟರ್ ನಡೆಸುವ ಯಂತ್ರ) ಕೊಳ್ಳಬೇಕು, ಒಂದೇ ಬಗೆಯ ಸಾವಿರಾರು ಬಿಡಿಭಾಗಗಳ ಆರ್ಡರ್ ಹಿಡಿಯಬೇಕು. "ಒಂದೊಂದು ಬುಶ್ ಮಾಡಿ ಯಾರೂ ಮೇಲೆ ಬಂದಿಲ್ಲ" ಎನ್ನುತ್ತಾನೆ. ಅವನ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ, ಒಪ್ಪಲು ಮನಸ್ಸೂ ಬರುತ್ತಿಲ್ಲ. ಇಲ್ಲದ ಗುಣಗಳನ್ನು ಈ ವಯಸ್ಸಿನಲ್ಲಿ ಬೆಳೆಸಿಕೊಳ್ಳಲು ಹೊರಡುವುದು ಸರಿಯೇ, ಅಥವಾ ಇರುವ ಬಲದ ಮೇಲೆಯೇ ಇನ್ನಷ್ಟು ಕಟ್ಟಬೇಕೇ? ಎರಡನೆಯದೇ ಸರಿ ಎನ್ನುವವರು, ಅದನ್ನು ಹೇಗೆ ಮಾಡಬೇಕೆಂದೂ ದಯವಿಟ್ಟು ಹೇಳಬೇಕು.

ಮೈಸೂರು ಮೇಷ್ಟ್ರು ಬರೆದದ್ದು:

ನಾನು ನಿವೃತ್ತ ಶಿಕ್ಷಕ, ನಿಮ್ಮ ಯಂತ್ರಗಳ ವಿಷಯ ನನಗೆ ತಿಳಿಯದು. ಆದರೆ ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಊರಿನವರೇ ಆದ ಕ್ರಿಕೆಟಿಗ ಬಿ. ಎಸ್. ಚಂದ್ರಶೇಖರ್ ನೆನಪಾದರು. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲಿಯೇ ಪೋಲಿಯೋ ತಗುಲಿ ಬಲಗೈ ಸೊರಗಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಆ ಮನುಷ್ಯ, ಬೌಲಿಂಗ್ ಮಾಡುತ್ತಿದ್ದುದು ಮಾತ್ರ ಆ ಸೊರಗಿದ ಬಲಗೈಯಿಂದಲೇ. ಲೆಗ್ ಸ್ಪಿನ್ನರ್ ಎಂದರೆ ಚೆಂಡನ್ನು ಗಾಳಿಯಲ್ಲಿ ತೇಲಿಸಿ ಬ್ಯಾಟ್ಸ್‌ಮನ್‌ಗೆ ಆಸೆ ತೋರಿಸಬೇಕು ಎಂಬುದು ಆ ಕಾಲದ ಪಾಠ. ಚಂದ್ರ ಹಾಗೆ ತೇಲಿಸಲಿಲ್ಲ. ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ ಗೂಗ್ಲಿ ಮತ್ತು ಟಾಪ್ ಸ್ಪಿನ್ ಹಾಕುತ್ತಿದ್ದರು. ಬ್ಯಾಟ್ಸ್‌ಮನ್ ಯೋಚಿಸುವಷ್ಟರಲ್ಲಿ ಚೆಂಡು ಪ್ಯಾಡಿಗೋ ಸ್ಟಂಪಿಗೋ ಬಡಿದಿರುತ್ತಿತ್ತು.

1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು, ಮೊದಲ ಸರಣಿ ಗೆಲುವು ಕೂಡ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಬೀದಿಯ ಒಂದೇ ರೇಡಿಯೋದ ಸುತ್ತ ನೆರೆದಿದ್ದವರಲ್ಲಿ ಒಬ್ಬ. ವಯಸ್ಸಾದವರು ನೆನಪಿಗೆ ಜಾರುವುದನ್ನು ಕ್ಷಮಿಸಿ.

ನಾನು ಹೇಳಬೇಕೆಂದಿದ್ದುದು ಇನ್ನೊಂದು ಲೆಕ್ಕವನ್ನು. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್‌ಗಳು 242. ಹೊಡೆದ ರನ್‌ಗಳು ಒಟ್ಟು 167. ರನ್‌ಗಳಿಗಿಂತ ವಿಕೆಟ್‌ಗಳೇ ಹೆಚ್ಚು. ಅವರ ಬ್ಯಾಟಿಂಗ್ ಸುಧಾರಿಸಲೆಂದು ಯಾರಾದರೂ ಹಠ ಹಿಡಿದು ಕೂತಿದ್ದರೆ 167 ರನ್ 400 ಆಗುತ್ತಿತ್ತೇನೋ; ಅದರಿಂದ ಭಾರತ ಯಾವ ಪಂದ್ಯವನ್ನೂ ಹೆಚ್ಚಿಗೆ ಗೆಲ್ಲುತ್ತಿರಲಿಲ್ಲ. ನಿಮ್ಮ ಸಂವಹನ ಕೌಶಲದ ತರಗತಿ ನನಗೆ ಆ 400 ರನ್ನಿನ ಹಾಗೆ ಕಾಣುತ್ತಿದೆ. ನಿಮ್ಮ ಕೈಯಲ್ಲಿರುವುದನ್ನು ಹಿಡಿಯಿರಿ.

ಲೆಕ್ಕದ ಪುಸ್ತಕ ಬರೆದದ್ದು:

ಮೇಷ್ಟ್ರ ಉದಾಹರಣೆ ಸೊಗಸಾಗಿದೆ, ಆದರೆ ಅದರಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಚಂದ್ರಶೇಖರ್ 167 ರನ್ನಿಗೆ ನಿಲ್ಲಬಹುದಿತ್ತು, ಏಕೆಂದರೆ ಅವರ ಪರವಾಗಿ ರನ್ ಗಳಿಸಲು ತಂಡದಲ್ಲಿ ಇನ್ನೂ ಹತ್ತು ಜನರಿದ್ದರು. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ನೆಲಕ್ಕೆ ಬೀಳದಂತೆ ಶಾರ್ಟ್ ಲೆಗ್‌ನಲ್ಲಿ ಏಕನಾಥ್ ಸೋಲ್ಕರ್ ಬಗ್ಗಿ ನಿಂತಿರುತ್ತಿದ್ದರು. ಪೀಣ್ಯದ ಶೆಡ್ಡಿನಲ್ಲಿ ಬೌಲಿಂಗ್ ಮಾಡುವವರು, ಬ್ಯಾಟ್ ಹಿಡಿಯುವವರು, ಕ್ಯಾಚ್ ಹಿಡಿಯುವವರು ಎಲ್ಲರೂ ಒಬ್ಬರೇ. ಒಂಟಿಯಾಗಿ ವ್ಯವಹಾರ ನಡೆಸುವವರಿಗೆ "ನಿಮ್ಮ ಬಲವನ್ನು ಮಾತ್ರ ನೋಡಿಕೊಳ್ಳಿ" ಎಂದು ಹೇಳುವುದು ಸುಲಭ. ಬಾಡಿಗೆ ಕಟ್ಟುವ ದಿನ ಬಂದಾಗ ಆ ಮಾತು ಹೇಳಿದವರು ಹತ್ತಿರ ಇರುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾನು ಕಂಡ ಮುಚ್ಚಿದ ಅಂಗಡಿಗಳಲ್ಲಿ ಕೆಲಸ ಬಾರದೆ ಮುಚ್ಚಿದವುಗಳಿಗಿಂತ, ಕೆಲಸ ಬಂದು ಹಣ ಬಾರದೆ ಮುಚ್ಚಿದವು ಹೆಚ್ಚು. ಆದ್ದರಿಂದ ಕೊರತೆಗಳಲ್ಲಿ ಎರಡು ಬಗೆ ಮಾಡಿಕೊಳ್ಳಿ. ಇಂಗ್ಲಿಷ್ ಬಾರದಿರುವುದು ನಿಮ್ಮ ವ್ಯವಹಾರವನ್ನು ಕೊಲ್ಲುವುದಿಲ್ಲ. ಬಾಕಿ ವಸೂಲಾಗದಿರುವುದು ಕೊಲ್ಲುತ್ತದೆ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದರಲ್ಲಿ ನೀವು ಪ್ರವೀಣರಾಗಬೇಕಿಲ್ಲ, ಮುಳುಗದಷ್ಟು ಮಟ್ಟಕ್ಕೆ ಬಂದರೆ ಸಾಕು, ಮತ್ತು ಅದಕ್ಕೆ ನಿಮ್ಮ ಸ್ವಭಾವ ಬದಲಾಗಬೇಕಾಗಿಯೂ ಇಲ್ಲ.

ನಿಮ್ಮ ಉದ್ಯಮಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಆಗಿದೆಯೇ? ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ. ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ, ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದವರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿನ ಗಡುವಿನೊಳಗೆ ಹಣ ಕೊಡಬೇಕು, ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ಮಾಸಿಕ ಲೆಕ್ಕದಲ್ಲಿ. ಇದಕ್ಕಿಂತ ಹರಿತವಾದದ್ದು 2023ರ ಹಣಕಾಸು ಕಾಯ್ದೆಯಲ್ಲಿ ಬಂದ ನಿಯಮ: ನಿಮಗೆ ಗಡುವಿನೊಳಗೆ ಹಣ ಕೊಡದ ಖರೀದಿದಾರರು, ಆ ಮೊತ್ತವನ್ನು ನಿಜವಾಗಿ ಪಾವತಿಸುವ ವರ್ಷದವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಈ ನಿಯಮ ಬಂದ ಮೇಲೆ ನನ್ನ ಗಿರಾಕಿಗಳಲ್ಲಿ ಕೆಲವರಿಗೆ ಮಾರ್ಚ್ ತಿಂಗಳಲ್ಲಿ ಕೇಳದೆಯೇ ಹಣ ಬಂದದ್ದುಂಟು.

ನೀವು ಮಾಡಬೇಕಾದದ್ದು ಇಷ್ಟು. ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಅಚ್ಚು ಹಾಕಿಸಿ. ವಾರಕ್ಕೆ ಎರಡು ಮಧ್ಯಾಹ್ನ ಬಂದು ಬಿಲ್ ಬರೆದು, ಬಾಕಿದಾರರಿಗೆ ಫೋನ್ ಮಾಡುವ ಒಬ್ಬರನ್ನು ನೇಮಿಸಿಕೊಳ್ಳಿ. ಹಣ ಕೇಳಲು ನಿಮಗೆ ಸಂಕೋಚ, ಅವರಿಗೆ ಅದು ಕೆಲಸ. ನಿಮ್ಮ ಸೋಲ್ಕರ್ ಅವರೇ.

ಹರಿಹರದ ಫಿಟ್ಟರ್ ಬರೆದದ್ದು:

30 ವರ್ಷ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿದ್ದವನು ನಾನು. ಎಲ್ಲರೂ ಪ್ರಶ್ನೆ ಕೇಳಿದವರ ಬಲವೆಂದರೆ "ಕೈ" ಎಂದು ಒಪ್ಪಿಕೊಂಡು ಮುಂದೆ ಹೋಗಿದ್ದಾರೆ. ನನಗೆ ಅನುಮಾನವಿದೆ. ಪೀಣ್ಯದಲ್ಲಿ ಬುಶ್ ತಿರುವುವ ಒಳ್ಳೆಯ ಕೈಗಳಿಗೆ ಬರವಿಲ್ಲ. ನಿಮ್ಮ ಬಳಿ ಗಿರಾಕಿಗಳು ಮತ್ತೆ ಮತ್ತೆ ಏಕೆ ಬರುತ್ತಾರೆ? ಇತ್ತೀಚೆಗೆ ಮಾಡಿದ ಒಂದು ಕೆಲಸವನ್ನು, ತುಂಡು ಮೇಜಿನ ಮೇಲೆ ಬಂದ ಗಳಿಗೆಯಿಂದ ಬಿಲ್ ಬರೆಯುವವರೆಗೆ, ಏನೂ ಬಿಡದೆ ಇಲ್ಲಿ ಬರೆಯಿರಿ. ಆಮೇಲೆ ಮಾತನಾಡೋಣ.

ಪೀಣ್ಯದ ಲೇತ್ ಬರೆದದ್ದು:

ಉದ್ಯಮ್ ನೋಂದಣಿ ಆಗಿದೆ, ಆದರೆ ಆ ಸಂಖ್ಯೆ ನನ್ನ ಬಿಲ್ಲಿನಲ್ಲಿಲ್ಲ. ಈ ವಾರವೇ ಹಾಕಿಸುತ್ತೇನೆ.

ಫಿಟ್ಟರ್ ಅವರು ಕೇಳಿದ್ದಕ್ಕೆ ಹೋದ ತಿಂಗಳಿನ ಒಂದು ಕೆಲಸ ಹೇಳುತ್ತೇನೆ. ಒಂದು ಮುದ್ರಣಾಲಯದವರು ಕಂಚಿನ ಬುಶ್ ತಂದರು. ಆರು ತಿಂಗಳಲ್ಲಿ ಇದು ಮೂರನೆಯದು, ಮೊದಲೆರಡನ್ನು ಬೇರೆ ಕಡೆ ಮಾಡಿಸಿದ್ದರಂತೆ. "ಈ ಸಲ ಒಳ್ಳೆಯ ಲೋಹ ಹಾಕಿ" ಎಂದರು. ನಾನು ಬುಶ್ಶನ್ನು ಒರೆಸಿ, ಬೆಳಕಿಗೆ ಹಿಡಿದು, ಒಳಗೆ ಬೆರಳಾಡಿಸಿ ನೋಡಿದೆ. ಸವೆತ ಸುತ್ತಲೂ ಸಮನಾಗಿರಲಿಲ್ಲ. ಒಂದು ತುದಿಯಲ್ಲಿ ಮೇಲ್ಭಾಗ ಸವೆದಿತ್ತು, ಇನ್ನೊಂದು ತುದಿಯಲ್ಲಿ ಕೆಳಭಾಗ. ನಡುವೆ ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ಒಳವ್ಯಾಸ ಅಳೆಯುವ ಬೋರ್ ಗೇಜ್ ಹಾಕಿ ನೋಡಿದರೂ ಅದೇ ಚಿತ್ರ. ಅಂದರೆ ಶಾಫ್ಟ್ ಬುಶ್ಶಿನೊಳಗೆ ನೇರವಾಗಿ ಕೂತಿಲ್ಲ, ಓರೆಯಾಗಿ ತಿರುಗುತ್ತಿದೆ. ಲೋಹ ಬದಲಿಸಿದರೆ ಬುಶ್ ಇನ್ನು ಸ್ವಲ್ಪ ದಿನ ಹೆಚ್ಚು ಬಾಳಬಹುದು, ಅಷ್ಟೇ. "ಬುಶ್ಶಿನ ತಪ್ಪಲ್ಲ, ಆ ಕಡೆಯ ಬೇರಿಂಗ್ ಬ್ರಾಕೆಟ್ ಜರುಗಿರಬೇಕು, ಹೋಗಿ ನೋಡಿ" ಎಂದೆ. ಸಂಜೆ ಫೋನ್ ಬಂತು: ಬ್ರಾಕೆಟ್ಟನ್ನು ಜಾಗದಲ್ಲಿ ಹಿಡಿದಿಡುವ ಒಂದು ಡೋವೆಲ್ ಪಿನ್ ಮುರಿದಿತ್ತಂತೆ. ಮರುದಿನ ಬುಶ್ ಮಾಡಿ ಕೊಟ್ಟೆ. ಬಿಲ್ 850 ರೂಪಾಯಿ. ಅದರಲ್ಲಿ 50 ಬಿಟ್ಟು ಕೊಟ್ಟರು.

ಹರಿಹರದ ಫಿಟ್ಟರ್ ಬರೆದದ್ದು:

ನಾನು ಊಹಿಸಿದ್ದು ಇದನ್ನೇ.

ನೀವು ಮಾಡಿದ ಎರಡು ಕೆಲಸಗಳಲ್ಲಿ ಒಂದಕ್ಕೆ 850 ರೂಪಾಯಿ ಬರೆದಿರಿ, ಇನ್ನೊಂದನ್ನು ಧರ್ಮಕ್ಕೆ ಕೊಟ್ಟಿರಿ. ಬುಶ್ ತಿರುವುವುದು ನೂರು ಜನಕ್ಕೆ ಬರುತ್ತದೆ, ಆ ಮುದ್ರಣಾಲಯಕ್ಕೇ ಅದಕ್ಕೆ ಮೊದಲು ಇಬ್ಬರು ತಿರುವಿಕೊಟ್ಟಿದ್ದರು. ಸವೆತವನ್ನು ಓದಿ ಯಂತ್ರದ ಇನ್ನೊಂದು ಮೂಲೆಯಲ್ಲಿ ಮುರಿದ ಪಿನ್ನಿನತ್ತ ಬೆರಳು ತೋರಿಸುವುದು ಆ ಇಬ್ಬರಿಗೂ ಬರಲಿಲ್ಲ. ನಿಮ್ಮ ಬಲ ಅದು. ನಿಮಗೆ ಅದು ಸಲೀಸಾಗಿ ಬರುವುದರಿಂದಲೇ ಅದಕ್ಕೆ ಬೆಲೆಯಿದೆ ಎಂದು ನಿಮಗೆ ತೋಚುತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಬೇರೆಯವರ ವಿಷಯದಲ್ಲಿ ಹೇಳುತ್ತೇವೆ. ನಮ್ಮ ನಮ್ಮ ಸಾಮರ್ಥ್ಯದ ವಿಷಯದಲ್ಲಿ ಅದು ಇನ್ನೂ ಹೆಚ್ಚು ನಿಜ. ಬೆವರು ಸುರಿಸಿ ಕಲಿತದ್ದಕ್ಕೆ ದರ ಹಾಕುತ್ತೇವೆ, ಉಸಿರಾಡಿದಷ್ಟು ಸಹಜವಾಗಿ ಮಾಡುವುದನ್ನು ಹಾಗೆಯೇ ಕೊಟ್ಟುಬಿಡುತ್ತೇವೆ.

ಕಾರ್ಖಾನೆಯ ಕಡೆಯಿಂದ ನೋಡಿದವನಾಗಿ ಹೇಳುತ್ತೇನೆ. ಯಂತ್ರ ಒಂದು ಪಾಳಿ ನಿಂತರೆ ಆಗುವ ನಷ್ಟದ ಮುಂದೆ ಬುಶ್ಶಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ನಮಗೆ ಬೇಕಿದ್ದುದು ಬುಶ್ ಅಲ್ಲ, ಅದು ಮತ್ತೆ ಹೋಗಬಾರದು ಎಂಬುದು. ಅದನ್ನು ಹೇಳಬಲ್ಲವರನ್ನು ಹುಡುಕಿ ನಾವು ಊರೂರು ಅಲೆದಿದ್ದೇವೆ. ಆದ್ದರಿಂದ ಬಿಲ್ಲಿನಲ್ಲಿ "ಪರಿಶೀಲನೆ ಮತ್ತು ವರದಿ" ಎಂಬ ಪ್ರತ್ಯೇಕ ಸಾಲು ಬರಲಿ. ವರದಿ ಎಂದರೆ ಹೆದರಬೇಡಿ: ಒಂದು ಹಾಳೆ, ಸವೆದ ಜಾಗದ ಎರಡು ಫೋಟೊ, ಅಳತೆಗಳ ಒಂದು ಪಟ್ಟಿ, ಕಾರಣ ಎರಡು ವಾಕ್ಯದಲ್ಲಿ. ಕನ್ನಡದಲ್ಲಿಯೇ ಬರೆಯಿರಿ. ಅಳತೆಗೆ ಭಾಷೆಯಿಲ್ಲ. ಖರೀದಿ ವಿಭಾಗದವರ ಎದುರು ಇಂಗ್ಲಿಷಿನಲ್ಲಿ ತಡವರಿಸುವ ಬದಲು ಆ ಹಾಳೆಯನ್ನು ನಿರ್ವಹಣಾ ವಿಭಾಗದವರ ಮೇಜಿನ ಮೇಲಿಡಿ. ಉಳಿದದ್ದನ್ನು ಅವರೇ ಖರೀದಿಯವರಿಗೆ ಹೇಳುತ್ತಾರೆ.

ಸಿಎನ್‌ಸಿಯ ಬಗ್ಗೆ ಒಂದೇ ಮಾತು. ಒಂದೇ ಬಗೆಯ ಹತ್ತು ಸಾವಿರ ತುಂಡು ಮಾಡುವಲ್ಲಿ ಸವೆತ ಓದುವವನಿಗೆ ಕೆಲಸವೇ ಇಲ್ಲ. ಅಲ್ಲಿ ಗೆಲ್ಲುವುದು ಒಂದು ತುಂಡಿಗೆ ಹತ್ತು ಪೈಸೆ ಕಡಿಮೆ ಮಾಡಬಲ್ಲವರು, ಅಂದರೆ ನಿಮ್ಮ ಭಾವಮೈದನಂಥವರು. ಅವರ ಸಲಹೆ ಅವರ ಮಟ್ಟಿಗೆ ಸರಿಯಾಗಿಯೇ ಇದೆ.

ಕುಂದಗೋಳದ ರೈಲು ಬರೆದದ್ದು:

ಲೆಕ್ಕದ ಪುಸ್ತಕದವರು ಹುಬ್ಬಳ್ಳಿಯವರಾಗಿಯೂ ಅದೇ ಊರಿನ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಹೆಸರು ಎತ್ತಲಿಲ್ಲವೆಂಬ ಸಣ್ಣ ತಕರಾರಿನೊಂದಿಗೆ ಆರಂಭಿಸುತ್ತೇನೆ.

ಗಂಗೂಬಾಯಿಯವರ ಎಳೆಯ ವಯಸ್ಸಿನ ಗ್ರಾಮಫೋನ್ ಮುದ್ರಿಕೆಗಳನ್ನು ಕೇಳಿದವರಿಗೆ ಅಲ್ಲಿರುವುದು ತೆಳುವಾದ, ಮೇಲುಸ್ಥಾಯಿಯ ಹೆಣ್ಣುದನಿ ಎಂಬುದು ಗೊತ್ತು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಹೋಗಿ, ಗಂಡಸಿನದೆನ್ನಬಹುದಾದಷ್ಟು ಗಡುಸಾದ ದನಿ ಬಂತು. ಹಳೆಯ ದನಿಯನ್ನು ಮರಳಿ ತರಲು ಹೆಣಗುತ್ತಾ ಅವರು ಆಯುಷ್ಯ ಕಳೆಯಬಹುದಿತ್ತು. ಅವರು ಹೊಸ ದನಿಗೆ ಯಾವುದು ಒಗ್ಗುತ್ತದೋ ಅದನ್ನು ಹಿಡಿದರು: ನಿಧಾನಗತಿಯ ಖಯಾಲ್, ಒಂದೊಂದು ಸ್ವರವನ್ನೂ ತೂಗಿ ನಿಲ್ಲಿಸುವ ಕಿರಾನಾ ಘರಾನೆಯ (ಗಾಯನ ಪರಂಪರೆಯ) ಆಲಾಪ. ಠುಮರಿಯಂಥ ಲಘು ಪ್ರಕಾರಗಳನ್ನು ಬಿಟ್ಟೇಬಿಟ್ಟರು. ಸಭೆಯಲ್ಲಿ ಚಪ್ಪಾಳೆ ಸುಲಭವಾಗಿ ಸಿಗುತ್ತಿದ್ದುದು ಅವುಗಳಿಗೇ ಎಂಬುದನ್ನು ಮರೆಯಬಾರದು.

ಎರಡು ವಿಷಯಗಳನ್ನು ಇದರಿಂದ ನಿಮ್ಮ ಪ್ರಶ್ನೆಗೆ ತರುತ್ತೇನೆ. ಬಲದ ಮೇಲೆ ಕಟ್ಟುವುದೆಂದರೆ ಸುಖವಾಗಿ ಕೂರುವುದಲ್ಲ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರು ಸವಾಯಿ ಗಂಧರ್ವರ ಎದುರು ಅವವೇ ಸ್ವರಗಳನ್ನು ದಿನಗಟ್ಟಲೆ ಉಜ್ಜಿದರು. ನಿಮ್ಮ ಸವೆತ ಓದುವ ವಿದ್ಯೆಯೂ ಈಗ ಅಂದಾಜಿನ ಮಟ್ಟದಲ್ಲಿದೆ. ಅದನ್ನು ಶಾಸ್ತ್ರವಾಗಿಸಬೇಕು: ಲೂಬ್ರಿಕೇಶನ್, ಲೋಹದ ಗಡಸುತನ, ಬಿರುಕಿನ ಮೇಲ್ಮೈಯಲ್ಲಿ ಲೋಹದ ದಣಿವಿನ (ಪದೇ ಪದೇ ಬಿದ್ದ ಒತ್ತಡದ) ಗುರುತುಗಳನ್ನು ಗುರುತಿಸುವುದು. ಮೂರು ತಿಂಗಳು ತರಗತಿಗೆ ಹೋಗುವುದೇ ಆದರೆ ಇದಕ್ಕೆ ಹೋಗಿ. ಸಾಲ ಮಾಡುವುದೇ ಆದರೆ ಅಳತೆಯ ಉಪಕರಣಗಳಿಗೆ ಮಾಡಿ. ಕೈಯಲ್ಲಿ ಹಿಡಿದು ಒಯ್ಯಬಹುದಾದ ಗಡಸುತನ ಮಾಪಕದ ಬೆಲೆ ಸಿಎನ್‌ಸಿಯ ಬೆಲೆಯ ಒಂದು ಸಣ್ಣ ಅಂಶವಷ್ಟೇ. ಎರಡನೆಯದಾಗಿ, ಏನನ್ನೋ ಬಿಡಲೇಬೇಕು. ಯಾರು ಬೇಕಾದರೂ ಮಾಡಬಹುದಾದ ಸಾದಾ ಬುಶ್ಶಿನ ಕೆಲಸಗಳು ನಿಮ್ಮ ಠುಮರಿ.

ಕ್ರಿಕೆಟ್ಟಿನ ಮಾತು ಬಂದಿರುವುದರಿಂದ ಅನಿಲ್ ಕುಂಬ್ಳೆಯವರನ್ನೂ ಸೇರಿಸಿಬಿಡುತ್ತೇನೆ. ಚೆಂಡು ತಿರುಗುವುದಿಲ್ಲವೆಂಬ ಟೀಕೆಯನ್ನು ಅವರು ವರ್ಷಗಟ್ಟಲೆ ಕೇಳಿದರು, ಆದರೂ ತಮ್ಮ ಪುಟಿತ, ವೇಗ, ನಿಖರತೆಗಳನ್ನು ಬಿಟ್ಟು ಇನ್ನೊಬ್ಬರಂತಾಗಲು ಹೋಗಲಿಲ್ಲ. ಹಾಗೆಂದು ಇದ್ದಲ್ಲೇ ನಿಲ್ಲಲೂ ಇಲ್ಲ. ಭುಜದ ಶಸ್ತ್ರಚಿಕಿತ್ಸೆಯ ನಂತರ ಮರಳಿ ಬಂದವರು ಗೂಗ್ಲಿಯನ್ನು ಹರಿತಗೊಳಿಸಿ, ವೇಗವನ್ನು ಏರಿಳಿಸುವುದನ್ನು ಕಲಿತು, 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್ ತೆಗೆದರು. ಬಲಕ್ಕೆ ಕೂಡಿಸುವುದು ಬೇರೆ, ಬಲವನ್ನು ಬದಲಿಸಲು ಹೊರಡುವುದು ಬೇರೆ.

ಬರೆದಿಡುವವ ಬರೆದದ್ದು:

ಚಿಕ್ಕದೊಂದು ಸಲಹೆ. ಆಡಳಿತ ಚಿಂತಕ ಪೀಟರ್ ಡ್ರಕರ್ ತಾವೇ ಪಾಲಿಸುತ್ತಿದ್ದ ಒಂದು ಅಭ್ಯಾಸವನ್ನು ಹೇಳಿದ್ದಾರೆ: ಮುಖ್ಯ ನಿರ್ಧಾರ ಕೈಗೊಂಡಾಗ ಏನಾಗಬಹುದೆಂದು ಬರೆದಿಟ್ಟು, ಒಂಬತ್ತು ಅಥವಾ ಹನ್ನೆರಡು ತಿಂಗಳ ಬಳಿಕ ಆದದ್ದರೊಂದಿಗೆ ಹೋಲಿಸುವುದು. ನಮ್ಮ ಬಲದ ಬಗ್ಗೆ ನಾವು ನಂಬಿರುವುದು ಬಹಳ ಸಲ ತಪ್ಪಾಗಿರುತ್ತದೆ ಎಂಬುದು ಅವರ ಅನುಭವ. ನೀವಂತೂ ಪ್ರತಿ ತುಂಡಿನೊಂದಿಗೂ ಒಂದು ಭವಿಷ್ಯ ಹೇಳಿ ಕಳಿಸುತ್ತೀರಿ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ವರ್ಷ ಬಿಟ್ಟು ಗಿರಾಕಿಗೆ ಫೋನ್ ಮಾಡಿ ಕೇಳಿ. ಫಿಟ್ಟರ್ ಅವರ ಮಾತು ಎಷ್ಟು ನಿಜವೆಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಒಂದೇ ಬುಶ್ಶಿನ ಕಥೆಯನ್ನು ನಂಬಿ ಯಾರೂ ವ್ಯಾಪಾರದ ದಿಕ್ಕು ಬದಲಿಸಬಾರದು.

ಪೀಣ್ಯದ ಲೇತ್ ಬರೆದದ್ದು:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಕೊನೆಯ ಸಲಹೆಯ ಕಾರಣದಿಂದ, ಅಳತೆ ಬರೆದುಕೊಳ್ಳುವ ನನ್ನ ಹಳೆಯ ನೋಟ್‌ಬುಕ್‌ಗಳನ್ನು ತೆಗೆದು ಭಾನುವಾರವಿಡೀ ಎಣಿಸಿದೆ. ಎರಡು ವರ್ಷದಲ್ಲಿ 312 ಕೆಲಸಗಳು. ಅವುಗಳ ಪೈಕಿ 87ರ ಪಕ್ಕದಲ್ಲಿ "ತಪ್ಪು ಬೇರೆ ಕಡೆ" ಎಂಬರ್ಥದ ಟಿಪ್ಪಣಿ ನನ್ನದೇ ಕೈಬರಹದಲ್ಲಿದೆ. ಆ 87ರಲ್ಲಿ ಅದೇ ತುಂಡು ಮತ್ತೆ ಸವೆದು ಬಂದದ್ದು ಐದು ಸಲ ಮಾತ್ರ. ಆ ಐದರಲ್ಲಿ ಎರಡು ಕಡೆ ನಾನು ಹೇಳಿದ ಕಾರಣವೇ ತಪ್ಪಾಗಿತ್ತು. ಎಲ್ಲಕ್ಕಿಂತ ನನ್ನನ್ನು ಕಾಡಿದ ಸಂಗತಿ ಎಂದರೆ ಆ 87ರಲ್ಲಿ ಒಂದಕ್ಕೂ ನಾನು ಬುಶ್ಶಿನ ದರದ ಮೇಲೆ ಒಂದು ರೂಪಾಯಿ ಹೆಚ್ಚಿಗೆ ಬರೆದಿಲ್ಲ.

ನಿನ್ನೆ ಹೊಸ ಗಿರಾಕಿಯೊಬ್ಬರು ಫೋನ್ ಮಾಡಿ, ಒಂದು ಪ್ಯಾಕಿಂಗ್ ಯಂತ್ರದ ಕ್ಯಾಮ್ ಪದೇ ಪದೇ ಹೋಗುತ್ತಿದೆ ಎಂದರು. ಎದೆ ಗಟ್ಟಿ ಮಾಡಿಕೊಂಡು, "ಬಂದು ನೋಡುವುದಕ್ಕೆ 1,500 ರೂಪಾಯಿ ಆಗುತ್ತದೆ, ಕಾರಣ ಬರೆದು ಕೊಡುತ್ತೇನೆ" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಫೋನ್ ಇಟ್ಟುಬಿಟ್ಟರೆಂದೇ ಭಾವಿಸಿದೆ. ಆಮೇಲೆ, "ಶನಿವಾರ ಯಂತ್ರ ನಿಲ್ಲಿಸಿರುತ್ತೇವೆ, ಆಗ ಬರುತ್ತೀರಾ?" ಎಂದು ಕೇಳಿದರು.

ಈಗ ನನ್ನ ಸಂದೇಹ: ಕ್ಯಾಮ್ ಮಾಡುವ ಕೆಲಸವನ್ನೂ ನನಗೇ ಕೊಟ್ಟರೆ ಆ 1,500ನ್ನು ಬಿಲ್ಲಿನಲ್ಲಿ ಕಳೆಯಬೇಕೇ? ಕಳೆಯದಿದ್ದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು ಈಗಲೇ ಶುರುವಾಗಿದೆ.

ಹರಿಹರದ ಫಿಟ್ಟರ್ ಬರೆದದ್ದು:

ಕಳೆಯಬೇಡಿ. ಕಳೆದರೆ ನೋಡಿದ್ದು ಮತ್ತೆ ಪುಕ್ಕಟೆಯಾಯಿತು, ಕ್ಯಾಮ್ ಮಾತ್ರ ಮಾರಿದಂತಾಯಿತು.

ಲೆಕ್ಕದ ಪುಸ್ತಕ ಬರೆದದ್ದು:

ಬಿಲ್ಲಿನಲ್ಲಿ ಎರಡು ಸಾಲು, ಎರಡು ಮೊತ್ತ. ಮತ್ತು ದಯವಿಟ್ಟು ಆ ಬಿಲ್ಲನ್ನು ನೀವು ಬರೆಯಬೇಡಿ. ವಾರಕ್ಕೆ ಎರಡು ಮಧ್ಯಾಹ್ನ ಬರುವವರು ಸಿಕ್ಕರೇ?

ಪೀಣ್ಯದ ಲೇತ್ ಬರೆದದ್ದು:

ಪಕ್ಕದ ಶೆಡ್ಡಿನ ಲೆಕ್ಕ ಬರೆಯುವ ಅಮ್ಮನವರು ಸೋಮವಾರದಿಂದ ಬರುತ್ತೇನೆಂದಿದ್ದಾರೆ. ಬಾಕಿ ಪಟ್ಟಿ ತೋರಿಸಿದೆ. ಓದಿ ಮುಗಿಸಿ, ಕನ್ನಡಕ ತೆಗೆದು, "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ, ಟೀ ತರಿಸಿದೆ.